ಹೋಗಿಬರ್ತೀನಿ ಅಂದ ತಪ್ಪಿಗೆ

ಜರ್ಮನಿಯ ಹೈಡೆಲ್‌ಬರ್ಗ್‌ಗೆ ಬಂದು ಎಂಟು ತಿಂಗಳಾಗಿದ್ದರೂ ನನಗೆ ಸ್ನೇಹಿತರು ಅಂತ ಒಬ್ಬರೂ ಇರಲಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ಶುಕ್ರವಾರ ಸಂಜೆಯಾದರೆ ಮಾಯ. ಶನಿವಾರ ನಾನು ಬಾಯಿ ಬಿಡುತ್ತಿದ್ದದ್ದು ಸೂಪರ್‌ಮಾರ್ಕೆಟ್ಟಿನ ಕ್ಯಾಷಿಯರ್ ಮುಂದೆ ಮಾತ್ರ. ಅದಕ್ಕೇ, ಬೆನ್ನಿಗೆ ಚೀಲ ಹಾಕಿಕೊಂಡು ಮೂರು ದಿನ ನೆಕಾರ್ ನದಿ ದಂಡೆಯ ಕೋಟೆಗಳನ್ನು ಸುತ್ತುವ ಗೈಡೆಡ್ ನಡಿಗೆಗೆ ಹೆಸರು ಕೊಟ್ಟೆ. ಕೋಟೆ ನೋಡುವ ಆಸೆಗಲ್ಲ, ಜೊತೆ ಸಿಗಲಿ ಅಂತ.

ಗೈಡ್ ಸ್ಕಾಟ್ಲೆಂಡಿನವರು, ಜರ್ಮನ್ ಹೆಂಡತಿಯ ಊರಲ್ಲಿ ನೆಲೆ ನಿಂತವರು. ಅರವತ್ತು ದಾಟಿತ್ತು. ಕಾಡಿನ ದಾರಿಯಲ್ಲೂ ತಮ್ಮ ನಾಡಿನ ಚೌಕುಳಿ ಲಂಗದಂಥ ಕಿಲ್ಟ್ ಉಟ್ಟು, ದಪ್ಪ ಬೂಟು ಹಾಕಿ ಠೀವಿಯಿಂದ ನಡೆಯುತ್ತಿದ್ದರು. ಪ್ರತಿ ಕೋಟೆಯ ಮುಂದೆ ಐದು ನಿಮಿಷ ಆ ಕೋಟೆಯ ಕಥೆ, ಹದಿನೈದು ನಿಮಿಷ ಸ್ಕಾಟ್ಲೆಂಡಿನ ಕೋಟೆಗಳದ್ದು: ಅಲ್ಲಿಯ ಗಾಳಿ, ಕುರಿ, ಮುತ್ತಜ್ಜಂದಿರ ಕುಲಜಗಳ. ಗಂಡನ ಮನೆಯಲ್ಲಿ ಕೂತು ತವರಿನ ಸಾರು ಹೊಗಳುವ ಸೊಸೆಯ ಹಾಗೆ. ನನಗಂತೂ ಅವರು ಬಹಳ ಹಿಡಿಸಿದರು.

ಉಳಿದ ನಾಲ್ವರು ಜರ್ಮನರು, ಎಲ್ಲರೂ ನನಗಿಂತ ಇಪ್ಪತ್ತು-ಮೂವತ್ತು ವರ್ಷ ದೊಡ್ಡವರು, ನಡಿಗೆಯಲ್ಲಿ ಮೇಕೆಗಳು. ನಾನೋ ಹೊಸ ಬೂಟು ಹಾಕಿದ್ದೆ. ಮೊದಲು ಮನೆಯಲ್ಲಿ ಹಾಕಿ ಪಳಗಿಸಿ ಎಂದು ಅಂಗಡಿಯವನು ಹೇಳಿದ್ದ, ನಾನು ಕೇಳಬೇಕಲ್ಲ! ಎರಡನೆಯ ದಿನಕ್ಕೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಪ್ರತಿ ತಿರುವಿನಲ್ಲೂ ಅವರು ನನಗಾಗಿ ನಿಲ್ಲುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ, ಆದರೆ ನನ್ನ ಜಂಬಕ್ಕೆ ಅದನ್ನೇ ತಡೆಯಲಾಗಲಿಲ್ಲ. ಮಧ್ಯಾಹ್ನ, ಗುಡ್ಡದ ಮೇಲಿನ ಕೋಟೆಯ ಬಾಗಿಲಲ್ಲಿ ಎಲ್ಲರೂ ಊಟಕ್ಕೆ ಜಾಗ ಹುಡುಕುತ್ತಿದ್ದಾಗ ಗೈಡ್ ಹತ್ತಿರ ಹೋಗಿ, "ಐ ವಿಲ್ ಗೋ ಅಂಡ್ ಕಮ್" ಅಂದೆ. ಅವರು ಹೆಬ್ಬೆರಳೆತ್ತಿ ನಕ್ಕರು. ಯಾಕೆ ಅಂತಲೂ ಕೇಳಲಿಲ್ಲವಲ್ಲ, ನನ್ನ ಬೆಲೆ ಇಷ್ಟೇ ಅಂದುಕೊಂಡು ಕುಂಟುತ್ತಾ ಇಳಿದೆ.

ಕೆಳಗಿನ ಸ್ಟೇಷನ್ನಿನಲ್ಲಿ ಮನೆಗೆ ಹೋಗುವ ರೈಲಿಗೆ ಕಾಯುತ್ತಾ ಮೈಸೂರಿನ ಅಕ್ಕನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ನನ್ನ ಗೋಳು ಕೇಳಿದ ಮೇಲೆ ಅವಳು, "ಹೇಳ್ಬಿಟ್ಟು ಬಂದ್ಯಾ, ಹಾಗೇ ಬಂದ್ಬಿಟ್ಯಾ?" ಅಂದಳು.

"ಹೇಳ್ದೆ ಕಣೇ. ಐ ವಿಲ್ ಗೋ ಅಂಡ್ ಕಮ್ ಅಂದೆ."

"ಅಯ್ಯೋ ಪೆದ್ದಿ! ಹೋಗಿಬರ್ತೀನಿ ಅನ್ನೋದು ನಮಗೆ ಗೊತ್ತು. ಪಾಪ, ಅವ್ರಿಗೇನ್ ಗೊತ್ತು? ವಾಪಸ್ ಬರ್ತಾಳೆ ಅಂತ ಕಾಯ್ತಾ ಕೂತಿರ್ತಾರೆ!"

ಗೈಡ್‌ಗೆ ಫೋನ್ ಮಾಡೋಣ ಅಂದರೆ ಚಾರ್ಜ್ ಮುಗಿದು ಫೋನ್ ಆರಿಹೋಯಿತು. ರೈಲು ಬಂದು ಬಾಗಿಲೂ ತೆರೆಯಿತು. ಐದು ನಿಮಿಷ ತಡವಾದರೆ ಮುಖ ಗಂಟಿಕ್ಕುವ ಜನ, ಇಷ್ಟು ಹೊತ್ತು ಕಾಯುತ್ತಾರಾ? ಹತ್ತಿಬಿಡಲೇ ಅನ್ನಿಸಿತು. ಯಾರೂ ಇಲ್ಲದ ಕೋಟೆ ಬಾಗಿಲು ನೋಡುವ ಧೈರ್ಯ ನನಗಿರಲಿಲ್ಲ. ಆದರೂ ರೈಲು ಹತ್ತಲಿಲ್ಲ, ಮತ್ತೆ ಗುಡ್ಡ ಹತ್ತಿದೆ.

ಐವರೂ ಕಲ್ಲುಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಮಡಿಲಲ್ಲಿ ಬ್ರೆಡ್ಡಿನ ಪೊಟ್ಟಣ, ಯಾರೂ ಬಿಚ್ಚಿರಲಿಲ್ಲ.

"ಟಾಯ್ಲೆಟ್‌ಗೆ ಹೋಗಿರ್ಬೇಕು ಅಂದ್ಕೊಂಡ್ವಿ," ಅಂದರು ಗೈಡ್. "ಆಮೇಲೆ ಗಾಬರಿ ಆಯ್ತು. ಫೋನ್ ಮಾಡಿದ್ರೆ ಬರೀ ಬಿಜಿ, ಆಮೇಲೆ ಸ್ವಿಚ್ ಆಫ್."

ಮನೆಗೆ ಹೊರಟಿದ್ದೆ ಅಂತ ನಿಜ ಹೇಳಿದೆ. ನಮ್ಮಲ್ಲಿ ಹೋಗ್ತೀನಿ ಅನ್ನಬಾರದು, ಹೋಗಿಬರ್ತೀನಿ ಅನ್ನಬೇಕು ಎಂದೂ ವಿವರಿಸಿದೆ. ಗೈಡ್ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಿಲ್ಟ್ ಅಲುಗಾಡುವಷ್ಟು. ಗುಂಪಿನಲ್ಲಿದ್ದ ನಿವೃತ್ತ ನರ್ಸ್ ಮಾತ್ರ ನಗದೆ, ನನ್ನನ್ನು ಕೂರಿಸಿ ಬೂಟು ಬಿಚ್ಚಿ, ಗದರುತ್ತಲೇ ಪ್ಲಾಸ್ಟರ್ ಅಂಟಿಸಿದರು.

"ನೀವು ಊಟ ಮಾಡ್ಬಿಡಬಹುದಿತ್ತಲ್ಲ," ಅಂದೆ.

"ಹೇಗೆ ಮಾಡೋದು?" ಅಂದರು ಆಕೆ, ತಲೆಯೆತ್ತದೆ. "ಒಬ್ಬರು ಕಡಿಮೆ ಇದ್ರಲ್ಲ."

ನನಗೆ ಅಳು ಬಂದುಬಿಟ್ಟಿತು. ಬೊಬ್ಬೆ ನೋವಿಗೆ ಅಂದುಕೊಂಡು ಆಕೆ ಇನ್ನೊಂದು ಪ್ಲಾಸ್ಟರ್ ತೆಗೆದರು. ನಾನೂ ಬೇಡ ಅನ್ನಲಿಲ್ಲ.