ಕೂಲರ್ ಬಂದ್ ಮಾಡಿದ ಅಪ್ಪ

ಗೆಳೆಯರೇ, ನಾಗಪುರದ ಮೇ ತಿಂಗಳ ಮಟಮಟ ಮಧ್ಯಾಹ್ನ ನಮ್ಮಪ್ಪ ಇಂದು ತಾವಾಗಿಯೇ ಕೂಲರ್ ಬಂದ್ ಮಾಡಿದರು!

ನಿನ್ನೆ ಬೆಳಿಗ್ಗೆ ಪ್ರಾಣಿಗಳ ಆಶ್ರಯಧಾಮದಿಂದ ಹನ್ನೊಂದು ವರ್ಷದ ಹೆಣ್ಣು ಬೆಕ್ಕನ್ನು ತಂದಿದ್ದೆವು. ವಯಸ್ಸಾಗಿದೆಯೆಂದು ಅವಳನ್ನು ಯಾರೂ ಒಯ್ದಿರಲಿಲ್ಲ. ಬಂದವಳೇ ಮಂಚದ ಕೆಳಗೆ ಸೇರಿದಳು, ಊಟ ಮೂಸಿಯೂ ನೋಡಲಿಲ್ಲ. ಕೂಲರ್ ಗುರ್ ಎಂದಾಗಲೆಲ್ಲ ಅವಳು ಗೋಡೆಗೆ ಒತ್ತಿಕೊಳ್ಳುವುದನ್ನು ಗಮನಿಸಿದವರು ಅಪ್ಪ. ಇಂದು ಅದನ್ನು ಬಂದ್ ಮಾಡಿ, ಬನಿಯನ್ ಬೆವರಿಗೆ ತೊಯ್ದು ತೊಪ್ಪೆಯಾದರೂ ಅಲುಗದೆ ನೆಲದ ಮೇಲೆ ಕುಳಿತರು.

ಮೇಲಿನ ಮನೆಯ ಬೆಳಗಾವಿ ಕಾಕು ಇಣುಕಿದರು. "ಯಾಕ್ರಿ, ಕೂಲರ್ ಖರಾಬ್ ಆತೇನು?"

"ಬರೋಬರ್ ಐತ್ರಿ. ನಮ್ಮಾಕಿಗೆ ಅದರ ಸಪ್ಪಳ ಅಂದ್ರ ಅಂಜಿಕಿ. ಹಗೂರ್ಕ ಮಾತಾಡ್ರಿ."

"ಒಂದ್ ಬೆಕ್ಕಿನ ಸಲುವಾಗಿ ಈ ಝಳದಾಗ ಕುಂತೀರೇನು!"

"ಆಕೀಗೂ ವಯಸ್ಸಾಗೇತ್ರಿ, ನನಗೂ ಆಗೇತಿ. ಹೊಸ ಮನ್ಯಾಗ ಮೊದಲ ಅಂಜಿಕಿ ಹೋಗ್ಬೇಕು."

ಅರ್ಧ ತಾಸಾದ ಮೇಲೆ ಮಂಚದಡಿಯಿಂದ ಮೊದಲು ಮೀಸೆ, ಆಮೇಲೆ ಮುಖ ಹೊರಬಂತು. ಅಪ್ಪನ ಕಾಲ ಬಳಿಯ ತಟ್ಟೆಯನ್ನು ನೆಕ್ಕಿ ಖಾಲಿ ಮಾಡಿದಳು. ಇವರು ನಮ್ಮಪ್ಪ ಎಂದು ಊರಿಗೆಲ್ಲ ಹೇಳಬೇಕೆನಿಸಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಖುಷಿಯಲ್ಲಿ ಅಡುಗೆಮನೆಗೆ ಹೋದೆ. ಹಿಂದಿನಿಂದ ಪಿಸುದನಿ ಬಂತು: "ಮಿಕ್ಸರ್ ಹಚ್ಚಬ್ಯಾಡ!"

ಹಾಗಾಗಿ ಇವತ್ತು ನಮ್ಮ ರೊಟ್ಟಿಗೆ ಚಟ್ನಿ ಇಲ್ಲ.