ಕಿರೀಟವಿಲ್ಲದ ಹಾಳೆ

ಮಸ್ಕಿಯ ಯಮನಮ್ಮ ಹುಟ್ಟಿದ ತಾರೀಖನ್ನು ಯಾರೂ ಬರೆದಿಟ್ಟಿಲ್ಲ. ತೀರಿಕೊಂಡದ್ದು ಮಾತ್ರ 1994ರ ಫೆಬ್ರವರಿ 3, ಗುರುವಾರ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದು ಬದುಕಿದವಳು. ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ, ಅದು ಹಸಿದಿರಬಾರದೆಂದು, ರೊಟ್ಟಿಯ ಒಂದು ಚೂರನ್ನು ತಪ್ಪದೆ ಒಳಗಿಡುತ್ತಿದ್ದಳು. ಅಕ್ಷರ ಅವಳಿಗೆ ಬರುತ್ತಿರಲಿಲ್ಲ.

ಒಬ್ಬಳೇ ಮಗಳು ಹೊನ್ನೂರಮ್ಮ ಏಳನೆಯ ತರಗತಿಯವರೆಗೆ ಓದಿದ್ದಳು. 1986ರ ಜನವರಿಯಿಂದ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿ ಬರತೊಡಗಿತು: ಬೆಂಕಿ, ನೀರು, ಗಾಳಿ, ಮಣ್ಣು ನಾಲ್ಕೂ ತಾನು ಹೇಳಿದಂತೆ ಕೇಳುವ ಎಳೆಯ ರಾಜಕುಮಾರಿಯ ಕಥೆ. ತಾಯಿ ಸೂಜಿ ಆಡಿಸುವಾಗ ಮಗಳು ಗಟ್ಟಿಯಾಗಿ ಓದುತ್ತಿದ್ದಳು. ಅದೇ ವರ್ಷ ಮೇ 8ರ ಗುರುವಾರ ಅವಳ ಮದುವೆಯಾಯಿತು. ಕಥೆಯಲ್ಲಿ ಚಿಕ್ಕಪ್ಪನು ರಾಜಕುಮಾರಿಯನ್ನು ಕಲ್ಲಿನ ಕೋಣೆಯಲ್ಲಿ ಕೂಡಿಹಾಕಿದ್ದ ವಾರವದು.

“ಯವ್ವಾ, ಮುಂದಿಂದು ತಗದಿಡು,” ಎಂದಳು, ಗಂಡನ ಊರು ಸಾಲಗುಂದಕ್ಕೆ ಹೊರಟಾಗ.

ಯಮನಮ್ಮ ತೆಗೆದಿಟ್ಟಳು. ಕಿರಾಣಿ ಅಂಗಡಿಯ ಮಕ್ತುಮ್‌ಸಾಬ್ ಪೊಟ್ಟಣ ಕಟ್ಟಲು ತರಿಸುತ್ತಿದ್ದ ರದ್ದಿಯಲ್ಲಿ ಕಿರೀಟ ತೊಟ್ಟ ಹುಡುಗಿಯ ಚಿತ್ರವಿದ್ದ ಹಾಳೆಗಳನ್ನೆಲ್ಲ ಆರಿಸಿಕೊಂಡಳು. ಕಡೆಯ ಚಿತ್ರದಲ್ಲಿ ರಾಜಕುಮಾರಿ ಉರಿಯ ನಡುವೆ ನಿಂತಿದ್ದಳು. ಆಮೇಲೆ ಕಿರೀಟ ಕಾಣಲಿಲ್ಲ, ಕಥೆ ಮುಗಿಯಿತೆಂದುಕೊಂಡಳು.

ಬೀಗರ ಮನೆಗೆ ಹಾಳೆಗಳನ್ನು ಹಾಗೆಯೇ ಒಯ್ಯುವಂತಿರಲಿಲ್ಲ. “ನಿನ್ನ ಮಗಳು ಓದಿಕೊಂತ ಕುಂತ್ರ ರೊಟ್ಟಿ ನೀ ಬಂದು ಬಡೀತೀಯೇನು?” ಎಂದು ಮಗಳ ಅತ್ತೆ ಹಿಂದೊಮ್ಮೆ ಚುಚ್ಚಿದ್ದಳು. ಯಮನಮ್ಮ ಹಾಳೆಗಳನ್ನು ಯೂರಿಯಾ ಚೀಲದೊಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೌದಿಯ ಪದರದಲ್ಲಿಟ್ಟು ಹೊಲಿದಳು. 1987ರ ಜನವರಿ 15ರಂದು ಒಯ್ದು ಕೊಟ್ಟು, “ಮೂಲಿ ಬಿಚ್ಚಿ ನೋಡು,” ಎಂದು ಮಗಳ ಕಿವಿಯಲ್ಲಿ ಹೇಳಿದಳು. ಮುಂದೆ ತವರಿಗೆ ಬಂದಾಗಲೂ ಮಗಳು ಕಥೆಯ ಮಾತೆತ್ತಲಿಲ್ಲ. ಓದಿರಬೇಕೆಂದು ತಾಯಿಯೂ ಕೇಳಲಿಲ್ಲ.

1988ರ ಜುಲೈ 23, ಶನಿವಾರ. ಮೇಷ್ಟರೊಬ್ಬರ ಮನೆಯಿಂದ ಬಂದ ರದ್ದಿಯಲ್ಲಿ ಮಕ್ತುಮ್‌ಸಾಬ್ ಒಂದು ಹಾಳೆ ಎತ್ತಿ ಹಿಡಿದ.

“ಯಮನವ್ವ, ನಿನ್ನ ಮಗಳ ಕತಿ ಮುಗಿದದ್ದು ಇಲ್ಲೈತಿ ನೋಡು.”

“ಅದಲ್ಲ ಬಿಡ್ರಿ ಸಾಬ್ರ. ಇಕಿ ಯಾರೋ ನೀರು ಸೇದಾಕತ್ತಾಳ. ಕಿರೀಟ ಎಲ್ಲೈತಿ?”

“ಇಕೀನ ಅಕಿ. ಬೆಂಕಿಯಿಂದ ಪಾರಾಗಿ, ಕಿರೀಟ ಹೊಳ್ಯಾಗ ಬಿಟ್ಟಾಳ. ಮಂತ್ರ ಎಲ್ಲಾ ಹೋಗೇತಿ. ಈಗ ಕೈಲೇ ಸೇದ್ತಾಳ.”

ರಾಜಕುಮಾರಿ ಸುಟ್ಟುಹೋದಳೆಂದೇ ಮಗಳು ತಿಳಿದಿರಬೇಕು. ಕಿರೀಟವಿಲ್ಲದ ಹಾಳೆಗಳನ್ನು ಬಿಟ್ಟದ್ದು ತನ್ನ ಕಣ್ತಪ್ಪು. ಯಮನಮ್ಮ ಹಾಳೆಯನ್ನು ಮಡಚಿ ಉಡಿಯಲ್ಲಿಟ್ಟುಕೊಂಡು ಮರುದಿನವೇ ಸಾಲಗುಂದಕ್ಕೆಂದು ಸಿಂಧನೂರಿನ ಬಸ್ಸು ಹತ್ತಿದಳು.

ಸಾಲಗುಂದದ ಮನೆಯಲ್ಲಿ ಹೊನ್ನೂರಮ್ಮ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು. ಗೂಟದ ಮೇಲೆ ಕೌದಿಯಿತ್ತು. ಯಮನಮ್ಮ ಅದರ ಮೂಲೆಗಳನ್ನು ಮುಟ್ಟಿ ನೋಡಿದಳು. ಎಲ್ಲವೂ ತನ್ನದೇ ಹೊಲಿಗೆ.

“ಬಿಚ್ಚೇ ಇಲ್ಲೇನು?”

“ಇಲ್ಲ.”

“ಅತ್ತಿ ಅಂಜಿಕಿಗೇನು?”

“ಅತ್ತಿ ದಿನಾ ಹೊಲಕ್ಕ ಹೋಗ್ತಾಳ. ಯಾಳೆ ಸಿಗತೈತಿ. ಮನಸ್ಸಾಗಲಿಲ್ಲ.” ಮಗಳು ಹಂಚಿನ ಮೇಲೆ ರೊಟ್ಟಿ ತಿರುವಿದಳು. “ಮಗ್ಗಲು ಬದಲಿಸಿದ್ರ ಒಳಗ ಹಾಳಿ ಸಪ್ಪಳಾಗತೈತಿ. ಅದನ್ನ ಕೇಳಿ ಮಕ್ಕೋತೀನಿ. ಅಷ್ಟ ಸಾಕು.”

“ಅಕಿ ಬದುಕ್ಯಾಳಂತ. ನೀರು ಸೇದ್ತಾಳಂತ.”

“ಹೌದೇನು.”

ಯಮನಮ್ಮ ಕೌದಿಯನ್ನು ತೊಡೆಯ ಮೇಲೆಳೆದುಕೊಂಡು ಒಂದು ಮೂಲೆ ಬಿಚ್ಚಿದಳು. ಹಾಳೆಯನ್ನು ಪ್ಲಾಸ್ಟಿಕ್ಕಿನೊಳಗೆ ಸರಿಸಿ ಸೂಜಿಗೆ ದಾರ ಪೋಣಿಸಿದಳು.

“ತಡಿ,” ಎಂದಳು ಮಗಳು. ಹಂಚಿನ ಮೇಲಿನ ರೊಟ್ಟಿಯಿಂದ ಒಂದು ಚೂರು ಮುರಿದು ತಾಯಿಯ ಅಂಗೈಗಿಟ್ಟಳು.

ಯಮನಮ್ಮ ಅದನ್ನು ಮೂಲೆಯಲ್ಲಿಟ್ಟು ಹೊಲಿದು, ದಾರ ಕಡಿದಳು. ಸಂಜೆಯ ಬಸ್ಸಿಗೆ ಮಸ್ಕಿಗೆ ಮರಳಿದಳು.