ಭಟ್ಟಿಯ ಮುಂದೆ ಬಚ್ಚಿಟ್ಟ ಜ್ವರ

ಬೇಕರಿಯ ಹಿಂಬದಿಯ ಕೋಣೆಯಲ್ಲಿ ಭಟ್ಟಿ ಕಾಯುವುದೇ ತಡ, ಬ್ರೆಡ್ ಮಾಮನ ಗೊಣಗಾಟ ಶುರು. "ಕಿಟಕಿ ತೆಗೀರಿ ಯಜಮಾನ್ರೇ, ಬ್ರೆಡ್ ಜೊತೆ ನನ್ನನ್ನೂ ಬೇಯಿಸ್ತೀರಾ?" ಬ್ರೆಡ್ ಮಾಮ ಅನ್ನೋದು ಬೀದಿಯ ಮಕ್ಕಳು ಇಟ್ಟ ಹೆಸರು, ಈಗ ಅಂಗಡಿಯ ಯಜಮಾನರೂ ಹಾಗೇ ಕರೆಯುತ್ತಾರೆ. ಹಿಟ್ಟು ನಾದುವುದರಲ್ಲಿ ಅವನದು ಎತ್ತಿದ ಕೈ.

ಮೊದಲು ಹೀಗಿರಲಿಲ್ಲ. ಸ್ಕಿಜೋಫ್ರೇನಿಯಾ ಹಿಡಿದಾಗ ಅವನಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಯಾರೂ ಇಲ್ಲದ ಕೋಣೆಯಲ್ಲಿ ದನಿಗಳು ಕೇಳುತ್ತಿದ್ದವು, ಒಂದೇ ಸಮನೆ ಬೈಯುತ್ತಿದ್ದವು. ಯಾವ ಯಾವುದೋ ಮಾತ್ರೆ ನುಂಗಿದ. ದನಿಗಳು ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ಒಂದು ಮಾತ್ರೆ ಅವುಗಳ ಬಾಯಿ ಮುಚ್ಚಿಸಿತು. ಆದರೆ ಅದು ಅಪರೂಪಕ್ಕೆ ಕೆಲವರ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳನ್ನೇ ಇಳಿಸಿಬಿಡುತ್ತದೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಜ್ವರವೋ ಗಂಟಲು ನೋವೋ ಬಂದರಂತೂ ಆ ದಿನವೇ ಆಸ್ಪತ್ರೆಗೆ ಓಡಬೇಕು. ಕಣಗಳು ತೀರಾ ಇಳಿದಿದ್ದರೆ ಮಾತ್ರೆ ನಿಲ್ಲಿಸಲೇಬೇಕು.

ಈ ಮಾತು ಅವನ ಅಕ್ಕನ ತಲೆಯಲ್ಲಿ ಅಚ್ಚೊತ್ತಿತ್ತು. ಪಕ್ಕದ ಬೀದಿಯ ತನ್ನ ಹೊಲಿಗೆ ಅಂಗಡಿಯಿಂದ ದಿನಾ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬರುವಳು, ತಮ್ಮನ ಹಣೆ ಮುಟ್ಟುವಳು. ಭಟ್ಟಿಯ ಮುಂದಿದ್ದವನ ಹಣೆ ಬಿಸಿಯಿರದೆ ಇನ್ನೇನು? ಮೊದಮೊದಲು ಹೌಹಾರಿ ಒಂದೆರಡು ಸಲ ಸುಮ್ಮಸುಮ್ಮನೆ ಆಸ್ಪತ್ರೆಗೆ ಎಳೆದೊಯ್ದಿದ್ದಳು. ಆಮೇಲೆ ರೂಢಿಯಾಯಿತು. "ಭಟ್ಟಿ ಬಿಸಿ ಅಕ್ಕಾ" ಅಂತ ಅವನು ನಗುವನು, ಅವಳು ನಂಬಿ ಡಬ್ಬಿ ಬಿಚ್ಚುವಳು.

ಒಂದು ಬೆಳಗ್ಗೆ ಅವನಿಗೆ ಎಂಜಲು ನುಂಗಲೂ ಆಗದಷ್ಟು ಗಂಟಲು ನೋವು, ಮೈಯೆಲ್ಲಾ ಕೆಂಡ. ಆಸ್ಪತ್ರೆಗೆ ಹೋದರೆ ಮಾತ್ರೆ ಕಿತ್ತುಕೊಳ್ಳುತ್ತಾರೆ; ಮಾತ್ರೆ ಹೋದರೆ ದನಿಗಳು ಬರುತ್ತವೆ; ದನಿಗಳು ಬಂದರೆ ಈ ಹಿಟ್ಟು, ಈ ಭಟ್ಟಿ, ಮಾಮಾ ಅಂತ ಕೂಗುವ ಮಕ್ಕಳು ಎಲ್ಲಾ ಹೋದಂತೆಯೇ. ಬಾಯಿಗೆ ಬೀಗ ಹಾಕಿಕೊಂಡು ಕೆಲಸಕ್ಕೆ ಬಂದ. ಅಕ್ಕ ಬರುವ ಹೊತ್ತಿಗೆ ಸರಿಯಾಗಿ ಭಟ್ಟಿಯ ಬಾಯಿಗೇ ಅಂಟಿಕೊಂಡು ನಿಂತ. ಜಾಣ ಪೆದ್ದ!

ಅಕ್ಕ ಹಣೆ ಮುಟ್ಟಿದಳು. "ಭಟ್ಟಿ ಬಿಸಿ" ಅಂದ. ಅವಳು ಡಬ್ಬಿ ಬಿಚ್ಚತೊಡಗಿದಳು. ಅಷ್ಟರಲ್ಲಿ ಯಜಮಾನರು ಬೆವರು ಒರೆಸಿಕೊಳ್ಳುತ್ತಾ ಬಂದು ಕಿಟಕಿ ತೆರೆದರು.

"ಮುಚ್ಚಿ ಯಜಮಾನ್ರೇ, ಚಳಿ," ಅಂದುಬಿಟ್ಟ ಮಾಮ.

ಯಜಮಾನರು ಕಣ್ಣು ಕಣ್ಣು ಬಿಟ್ಟರು. "ಇಷ್ಟು ವರ್ಷ ಕಿಟಕಿ ತೆಗೀರಿ ಅಂತ ನನ್ನ ಪ್ರಾಣ ತಿಂದವನು ನೀನೇ ಅಲ್ವೇನಯ್ಯಾ?"

ಅಕ್ಕ ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು. "ಏಪ್ರನ್ ಬಿಚ್ಚು. ನಡಿ."

"ಮಾತ್ರೆ ನಿಲ್ಲಿಸಿಬಿಡ್ತಾರಕ್ಕಾ."

"ನಿಲ್ಲಿಸಿದ್ರೆ ಇಬ್ಬರೂ ಸೇರಿ ಬೇರೆ ದಾರಿ ಹುಡುಕೋಣ. ನೀನೇ ಇಲ್ದಿದ್ರೆ ನಾನು ಯಾರ ಹಣೆ ಮುಟ್ಲೋ?" ಅವಳಿಗೆ ಅಳು ಉಕ್ಕಿ ಬಂತು. ಅವನು ಏಪ್ರನ್ ಬಿಚ್ಚಿಟ್ಟು ಅವಳ ಹಿಂದೆ ನಡೆದ.

ರಕ್ತ ಕೊಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಜೀವ ಕೈಯಲ್ಲಿ ಹಿಡಿದು ಕೂತರು. ಸಂಜೆಗೆ ಡಾಕ್ಟರಮ್ಮ ಕರೆದರು.

"ಕಣಗಳು ಇಳಿದಿಲ್ಲ, ಏರಿವೆ. ಇದು ಮಾಮೂಲಿ ಗಂಟಲು ಸೋಂಕು. ನಿಮ್ಮ ರಕ್ತದ ಕಾವಲುಗಾರರು ದಂಡು ಕಟ್ಟಿ ಹೊರಟಿದ್ದಾರೆ ಅಷ್ಟೆ. ಮಾತ್ರೆ ನಿಲ್ಲಿಸೋದಿಲ್ಲ. ಆದ್ರೆ ಇನ್ನೊಮ್ಮೆ ಜ್ವರ ಮುಚ್ಚಿಟ್ರೆ ನನ್ನ ಕೈಲಿ ಸರಿಯಾಗಿ ಬೈಸ್ಕೋತೀರಿ."

ಮಾಮ ಮುಖ ಮುಚ್ಚಿಕೊಂಡು ಅತ್ತ. ಹೋದ ಜೀವ ಬಂದಂತಾಗಿತ್ತು.

ಅವನು ಸುಧಾರಿಸಿಕೊಳ್ಳಲಿ ಎಂದೋ ಏನೋ, ಡಾಕ್ಟರಮ್ಮ ಮಾತು ಮುಂದುವರಿಸಿದರು. "ಈ ಕಾಯಿಲೆ ಇರೋ ಕೆಲವರಲ್ಲಿ ಸೋಂಕು ಇಲ್ಲದಾಗಲೂ ಈ ಕಾವಲುಗಾರರು ಸ್ವಲ್ಪ ಎಚ್ಚೆತ್ತೇ ಇರ್ತಾರೆ. ಯಾಕೆ ಅಂತ ಇನ್ನೂ ಸರಿಯಾಗಿ ಗೊತ್ತಾಗಿಲ್ಲ, ಹುಡುಕ್ತಿದ್ದಾರೆ."

ಮಾಮ ಮೂಗು ಒರೆಸಿಕೊಂಡ. "ಅಂದ್ರೆ ಯಾರೂ ಬರದೇ ಇದ್ರೂ ಯಾರೋ ಬಂದ ಹಾಗೆ ಆ ಕಾವಲುಗಾರರಿಗೂ ಕೇಳಿಸುತ್ತೆ ಅನ್ನಿ. ಪಾಪ!"

ಡಾಕ್ಟರಮ್ಮ ಗೊಳ್ಳೆಂದು ನಕ್ಕರು. ಅಕ್ಕನೂ ನಕ್ಕಳು. ಆ ದನಿಗಳ ವಿಷಯ ಎತ್ತಿ ಅವನ ಮನೆಯವರು ನಕ್ಕಿದ್ದು ಅದೇ ಮೊದಲು.

ಜ್ವರ ಬಿಟ್ಟ ಮೇಲೆ ಮಾಮ ಮತ್ತೆ ಕೆಲಸಕ್ಕೆ ಬಂದ. ಕಿಟಕಿಯ ಗೊಣಗಾಟವೂ ಅವನ ಜೊತೆಗೇ ಬಂತು. ಮಧ್ಯಾಹ್ನ ಅಕ್ಕ ಡಬ್ಬಿ ಇಟ್ಟು ಹಣೆಗೆ ಕೈ ಚಾಚಿದಳು.

"ಒಂದು ನಿಮಿಷ ತಡಿ," ಅಂದ. ನಲ್ಲಿಯ ತಣ್ಣೀರಲ್ಲಿ ಮುಖ ತೊಳೆದ, ತೆರೆದ ಕಿಟಕಿಯ ಬಳಿ ನಿಂತು ಮೈ ಆರಿಸಿಕೊಂಡ. ಆಮೇಲೆ ಬಂದು ಅವಳೆದುರು ತಲೆ ಬಗ್ಗಿಸಿದ.

"ಈಗ ಮುಟ್ಟಕ್ಕಾ. ಈಗ ಭಟ್ಟೀದಲ್ಲ, ನನ್ನದೇ ಬಿಸಿ."

ಹಣೆ ತಣ್ಣಗಿತ್ತು. ಆದರೂ ಅಕ್ಕ ಬಹಳ ಹೊತ್ತು ಕೈ ತೆಗೆಯಲಿಲ್ಲ.